ಸಂಗಾತಿ ಹೋದ ಮೇಲಿನ ಮೊದಲ ಹಬ್ಬಗಳು: ಮೊದಲೇ ಏನೇನು ತೀರ್ಮಾನ ಮಾಡಿಟ್ಟುಕೊಳ್ಳಬೇಕು

ಶ್ರಾವಣ ಹತ್ತಿರ ಬಂತೆಂದರೆ ಓದುಗರಿಂದ ಈ ಪ್ರಶ್ನೆಗಳು ಶುರುವಾಗುತ್ತವೆ. ‘ಯಜಮಾನರು ಹೋಗಿ ಆರು ತಿಂಗಳಾಯ್ತು, ಹಬ್ಬ ಮಾಡಬಹುದಾ?’ ‘ಅಮ್ಮ ಇಲ್ಲದ ಮೊದಲ ದೀಪಾವಳಿ, ಅಪ್ಪನನ್ನು ಹೇಗೆ ನೋಡಿಕೊಳ್ಳೋದು?’ ‘ಮಕ್ಕಳಿಗೋಸ್ಕರ ನಗಬೇಕು, ಆದ್ರೆ ಆಗ್ತಿಲ್ಲ.’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ದುಃಖ ಕಮ್ಮಿ ಮಾಡುವ ಉಪಾಯ ಈ ಲೇಖನದಲ್ಲಿಲ್ಲ. ಆದರೆ ಹಬ್ಬದ ದಿನ ಮನುಷ್ಯನನ್ನು ಸುಸ್ತು ಮಾಡುವುದು ದುಃಖದ ಜೊತೆಗೆ ಸೇರಿಕೊಳ್ಳುವ ಸಣ್ಣ ಸಣ್ಣ ತಾಪತ್ರಯಗಳು. ತೋರಣ ಯಾರು ಕಟ್ಟಬೇಕು, ಮೊದಲ ಎಲೆ ಯಾರಿಗೆ, ಕುಂಕುಮ ಕೊಡಲು ಬಂದವರ ಮುಂದೆ ಎಲ್ಲಿ ನಿಲ್ಲಬೇಕು. ಇವನ್ನೆಲ್ಲ ಆ ಗಳಿಗೆಯಲ್ಲೇ ತೀರ್ಮಾನಿಸಲು ಹೋದರೆ ಆಗುವುದಿಲ್ಲ. ಎರಡು ಮೂರು ವಾರ ಮೊದಲೇ ಕೂತು ಯೋಚಿಸಿಟ್ಟರೆ ಆ ದಿನ ಅಳು ಬಂದಾಗ ಅಳುವುದಕ್ಕಾದರೂ ಬಿಡುವಿರುತ್ತದೆ.

ಬೇಕಾಗುವುದು ಇಷ್ಟೇ: ಪಂಚಾಂಗ ಇರುವ ಗೋಡೆ ಕ್ಯಾಲೆಂಡರ್, ಒಂದು ನೋಟ್‌ಬುಕ್, ನಡುವೆ ಬಾಯಿ ಹಾಕದೆ ನಿಮ್ಮ ಮಾತು ಕೇಳುವ ಒಬ್ಬರು. ಮೂರನೆಯದು ಸಿಗುವುದೇ ಕಷ್ಟ. ಅವರು ಮನೆಯವರೇ ಆಗಬೇಕೆಂದಿಲ್ಲ. ಓರಗಿತ್ತಿ, ಪಕ್ಕದ ಮನೆಯವರು, ಆಫೀಸಿನ ಹಳೇ ಗೆಳೆಯ, ಯಾರಾದರೂ ಸರಿ.

1. ಕಷ್ಟದ ದಿನಗಳನ್ನು ಗುರುತು ಹಾಕಿ

ವರಮಹಾಲಕ್ಷ್ಮಿಯಿಂದ ಶುರುವಾದರೆ ಗೌರಿ, ಗಣೇಶ, ಮಹಾಲಯ ಅಮಾವಾಸ್ಯೆ, ದಸರಾ, ದೀಪಾವಳಿ ಅಂತ ಒಂದರ ಹಿಂದೆ ಒಂದು ಬರುತ್ತವೆ. ಇವು ಕ್ಯಾಲೆಂಡರಿನಲ್ಲೇ ಇವೆ. ಅಲ್ಲಿ ಇಲ್ಲದ ದಿನಗಳನ್ನು ನೀವು ಸೇರಿಸಿ: ಮದುವೆಯಾದ ದಿನ, ಅವರ ಹುಟ್ಟುಹಬ್ಬ, ಆಸ್ಪತ್ರೆಗೆ ಸೇರಿಸಿದ ದಿನ.

ತೀರಿಕೊಂಡ ತಾರೀಖು ಒಂದು, ತಿಥಿ ಇನ್ನೊಂದು ಎಂಬುದು ನೆನಪಿರಲಿ. ತಿಥಿ ಚಾಂದ್ರಮಾನದ ಲೆಕ್ಕ. ಆ ವರ್ಷ ನಮ್ಮ ಮಾಮೂಲಿ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ತಿಥಿ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದರೆ ಮುಂದೆ ಹೋಗುತ್ತದೆ. ತಿಥಿಯ ದಿನ ಕಾರ್ಯ ಮುಗಿಸಿ ಸಮಾಧಾನವಾಗಿದ್ದವರು, ಕೆಲವು ದಿನ ಬಿಟ್ಟು ತಾರೀಖು ಬಂದಾಗ ಯಾಕೆಂದು ಗೊತ್ತಾಗದೆ ಕುಸಿಯುವುದುಂಟು. ಇಂಥ ದಿನಗಳ ಸುತ್ತಮುತ್ತ ನಿದ್ದೆ ಕೆಡುವುದು, ಸಿಟ್ಟು ಬರುವುದು, ಮೈಕೈ ನೋವು ಕಾಣಿಸಿಕೊಳ್ಳುವುದಕ್ಕೆ ಮನೋವೈದ್ಯರು ‘ವಾರ್ಷಿಕ ಪ್ರತಿಕ್ರಿಯೆ’ ಅನ್ನುತ್ತಾರೆ. ನಿಮಗೆ ಹುಚ್ಚು ಹಿಡಿಯುತ್ತಿಲ್ಲ. ಮೈಗೆ ದಿನಗಳ ನೆನಪಿರುತ್ತದೆ, ಅಷ್ಟೆ.

ಎಚ್ಚರ: ಎಷ್ಟೋ ಜನರಿಗೆ ಹಬ್ಬದ ದಿನಕ್ಕಿಂತ ಹಬ್ಬದ ಹಿಂದಿನ ದಿನವೇ ಭಾರ. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಮಾರು ಹಾಕಿಸಿಕೊಳ್ಳುವಾಗ ಚೌಕಾಸಿ ಮಾಡಲು ಪಕ್ಕದಲ್ಲಿ ಅವರಿಲ್ಲ ಅಂತ ಥಟ್ಟನೆ ಹೊಳೆಯುತ್ತದೆ. ಹಿಂದಿನ ದಿನವನ್ನೂ ಗುರುತು ಹಾಕಿ. ಅವತ್ತು ಮಾರ್ಕೆಟ್ಟಿಗೆ ಒಬ್ಬರೇ ಹೋಗಬೇಡಿ.

2. ಮೊದಲ ವರ್ಷ ಹಬ್ಬ ಉಂಟೋ ಇಲ್ಲವೋ, ಒಂದೇ ಸಲ ಕೇಳಿ ಮುಗಿಸಿ

ಅನೇಕ ಮನೆಗಳಲ್ಲಿ ವರ್ಷಾಂತಿಕ ಆಗುವವರೆಗೆ, ಅಂದರೆ ಮೊದಲ ವರ್ಷ ತುಂಬಿದಾಗ ಮಾಡುವ ಕಾರ್ಯ ಮುಗಿಯುವವರೆಗೆ, ಹಬ್ಬ ಮಾಡುವುದಿಲ್ಲ. ಕೆಲವು ಕಡೆ ದೀಪ ಹಚ್ಚಿ ನೈವೇದ್ಯ ಇಡುತ್ತಾರೆ, ಸಿಹಿ ಮಾಡುವುದಿಲ್ಲ. ಲಿಂಗಾಯತ ಪರಂಪರೆ ಸೂತಕವನ್ನೇ ಒಪ್ಪುವುದಿಲ್ಲ, ಆದರೂ ಮೊದಲ ವರ್ಷ ಸುಮ್ಮನಿರುವ ಮನೆಗಳಿವೆ. ಮುಸ್ಲಿಂ ಕುಟುಂಬಗಳಲ್ಲಿ ಗಂಡ ತೀರಿಕೊಂಡ ಹೆಂಗಸಿಗೆ ಇದ್ದತ್ ಇರುತ್ತದೆ. ಅದು 4 ತಿಂಗಳು 10 ದಿನದ ಶೋಕದ ಅವಧಿ, ಗರ್ಭಿಣಿಯಾದರೆ ಹೆರಿಗೆಯವರೆಗೆ. ಆ ನಡುವೆ ಈದ್ ಬಂದರೆ ಅವರು ಹೊರಗೆ ಹೋಗುವ ಬದಲು ನೆಂಟರೇ ಬರಬೇಕು. ಕ್ಯಾಥೊಲಿಕ್ ಮನೆಗಳಲ್ಲಿ ನವೆಂಬರ್ 2ರಂದು ಸಮಾಧಿಗೆ ಮೇಣದ ಬತ್ತಿ ಹಚ್ಚಿ ಬಂದು ಎರಡು ತಿಂಗಳು ತುಂಬುವ ಮೊದಲೇ ಕ್ರಿಸ್‌ಮಸ್ ಎದುರಿಗೆ ನಿಂತಿರುತ್ತದೆ.

ಒಬ್ಬ ಹಿರಿಯರನ್ನು ಕೇಳಿ, ಬೇಕಿದ್ದರೆ ನಿಮ್ಮ ಪುರೋಹಿತರನ್ನು ಕೇಳಿ, ಅಲ್ಲಿಗೆ ನಿಲ್ಲಿಸಿ. ಐದು ಜನರಿಗೆ ಫೋನ್ ಮಾಡಿದರೆ ಆರು ಶಾಸ್ತ್ರ ಹುಟ್ಟಿಕೊಳ್ಳುತ್ತವೆ.

ಹಬ್ಬ ಇಲ್ಲದ ವರ್ಷ ನನ್ನ ದೃಷ್ಟಿಯಲ್ಲಿ ಹಿರಿಯರು ಕೊಟ್ಟ ಒಂದು ರಜೆ. ‘ಈ ವರ್ಷ ನಮಗೆ ಹಬ್ಬ ಇಲ್ಲ’ ಅಂದರೆ ಮುಗಿಯಿತು, ಮತ್ತೆ ಯಾರೂ ವಿವರಣೆ ಕೇಳುವುದಿಲ್ಲ. ಆದರೆ ರಜೆಯೆಂದರೆ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವುದಲ್ಲ. ನಿಮ್ಮ ಮನೆಯಲ್ಲಿ ಹಬ್ಬ ಇಲ್ಲದಿದ್ದರೂ ತಂಗಿಯ ಮನೆಯಲ್ಲಿ ಊಟ ಮಾಡಬಹುದು. ಚಿಕ್ಕ ಮಕ್ಕಳಿದ್ದರೆ ಪಕ್ಕದ ಮನೆಯವರ ಜೊತೆ ಒಂದು ಸುರುಸುರುಬತ್ತಿ ಹಚ್ಚಲು ಬಿಡಿ.

3. ಅವರು ಮಾಡುತ್ತಿದ್ದ ಕೆಲಸಗಳನ್ನು ಬರೆದು, ಮೂರು ಪಾಲು ಮಾಡಿ

ಇಡೀ ತಯಾರಿಯಲ್ಲಿ ಇದೇ ಮುಖ್ಯ. ನೋಟ್‌ಬುಕ್ ತೆಗೆದು, ಹಬ್ಬದಲ್ಲಿ ಅವರ ಕೈಯಿಂದ ಆಗುತ್ತಿದ್ದ ಒಂದೊಂದು ಕೆಲಸವನ್ನೂ ಬರೆಯಿರಿ. ‘ಪೂಜೆ’, ‘ಅಡುಗೆ’ ಅಂತ ಒಂದೇ ಮಾತಿನಲ್ಲಿ ಬೇಡ, ಬಿಡಿಬಿಡಿಯಾಗಿ ಬರೆಯಿರಿ. ಮಾವಿನ ಸೊಪ್ಪು ತಂದು ತೋರಣ ಕಟ್ಟುವುದು. ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಸುಣ್ಣದ ಪಟ್ಟೆ ಎಳೆದು, ಕುತ್ತಿಗೆಗೆ ಹೂ ಸುತ್ತುವುದು. ನರಕ ಚತುರ್ದಶಿ ಬೆಳಿಗ್ಗೆ ಎಣ್ಣೆ ಬೆಚ್ಚಗೆ ಮಾಡಿ ಮಕ್ಕಳ ನೆತ್ತಿಗೆ ತಟ್ಟುವುದು. ಗಣೇಶನಿಗೆ ಎಕ್ಕದ ಹಾರ ಹುಡುಕಿ ತರುವುದು. ಕಡುಬಿನ ಅಂಚು ಮಡಿಸುವುದು. ಯಾರ್‍ಯಾರಿಗೆ ಎಷ್ಟೆಷ್ಟು ಇನಾಮು ಅಂತ ನೆನಪಿಟ್ಟುಕೊಳ್ಳುವುದು.

ಈಗ ಪ್ರತಿಯೊಂದರ ಮುಂದೆ ಬರೆಯಿರಿ: ‘ನಾನು’, ‘ಬೇರೆಯವರು’, ‘ಈ ವರ್ಷ ಬೇಡ’.

ಆಯುಧಪೂಜೆಯ ಉದಾಹರಣೆ ತೆಗೆದುಕೊಳ್ಳಿ. ಕೆಳಗಡೆ ಪಾರ್ಕಿಂಗಿನಲ್ಲಿ ಅವರ ಸ್ಕೂಟರ್ ಕವರ್ ಹೊದ್ದು ನಿಂತಿದೆ. ಸುತ್ತ ಎಲ್ಲ ಗಾಡಿಗಳಿಗೂ ಬಾಳೆಕಂದು, ಹೂ, ಚಕ್ರದ ಕೆಳಗೆ ನಿಂಬೆಹಣ್ಣು. ಇದೊಂದೇ ಹಾಗೇ ಇದೆ. ಅದನ್ನು ದಾಟಿಕೊಂಡು ಹಾಲು ತರಲು ಹೋಗಬೇಕು. ಇದನ್ನು ಮೊದಲೇ ಯೋಚಿಸಿದರೆ ದಾರಿಗಳಿವೆ. ಮಗಳು ಹಿಂದಿನ ದಿನ ತೊಳೆದು ಒಂದು ಮೊಳ ಹೂ ಹಾಕಬಹುದು. ತಮ್ಮ ಬಂದು ಪೂಜೆ ಮಾಡಿ ಒಂದು ರೌಂಡು ಓಡಿಸಬಹುದು. ಇಲ್ಲವೇ ಆ ವಾರದ ಮಟ್ಟಿಗೆ ಗಾಡಿಯನ್ನು ಅವನ ಮನೆಯಲ್ಲೇ ನಿಲ್ಲಿಸಬಹುದು. ಯಾವುದೂ ತಪ್ಪಲ್ಲ. ಏನೂ ತೀರ್ಮಾನಿಸದೆ ಅವತ್ತು ಬೆಳಿಗ್ಗೆ ಅದರ ಎದುರು ನಿಲ್ಲುವುದು ಮಾತ್ರ ಬೇಡ.

ಎಚ್ಚರ: ‘ಬೇರೆಯವರು’ ಅಂತ ಬರೆದ ಕಡೆ ಹೆಸರನ್ನೂ ಬರೆಯಿರಿ. ‘ಯಾರಾದ್ರೂ ಮಾಡ್ತಾರೆ’ ಅಂದ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತದೆ. ಇನ್ನೊಂದು: ಗಾಡಿ ಮಾರುವುದು, ಬಟ್ಟೆ ಹಂಚುವುದು, ಮನೆ ಬದಲಾಯಿಸುವುದು, ಇಂಥ ದೊಡ್ಡ ತೀರ್ಮಾನಗಳನ್ನು ಹಬ್ಬದ ವಾರಕ್ಕೆ ಇಟ್ಟುಕೊಳ್ಳಬೇಡಿ. ‘ಹೇಗೂ ಎಲ್ಲರೂ ಸೇರಿದ್ದೇವೆ, ಆಸ್ತಿ ವಿಷಯನೂ ಮಾತಾಡಿಬಿಡೋಣ’ ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಇನ್ನೊಂದು ತಾರೀಖು ಕೊಟ್ಟು ಕಳಿಸಿ.

4. ಮನೆಯವರಿಗೆ ಬಾಯಿಬಿಟ್ಟು ಹೇಳಿ

ನಮ್ಮಲ್ಲಿ ‘ಅವರೇ ಅರ್ಥ ಮಾಡ್ಕೋಬೇಕು’ ಅನ್ನುವುದು ಜಾಸ್ತಿ. ಪಾಪ, ಅವರಿಗೂ ಗೊತ್ತಾಗುವುದಿಲ್ಲ. ಮಗ ಅಮ್ಮನಿಗೆ ನೋವಾಗುತ್ತದೆಂದು ಅಪ್ಪನ ಸುದ್ದಿ ಎತ್ತುವುದಿಲ್ಲ. ಅಮ್ಮ ಮಗನಿಗೆ ನೋವಾಗುತ್ತದೆಂದು ಎತ್ತುವುದಿಲ್ಲ. ಇಬ್ಬರೂ ಟಿವಿ ನೋಡುತ್ತಾ ಕೂರುತ್ತಾರೆ.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೀಗೆ ಹಾಕಬಹುದು: ‘ಈ ಸಲ ಹಬ್ಬಕ್ಕೆ ಎಲ್ಲರೂ ಬನ್ನಿ. ಹನ್ನೊಂದಕ್ಕೆ ಬಂದು, ಊಟ ಮಾಡಿ, ನಾಲ್ಕಕ್ಕೆ ಹೊರಡಿ. ಸಿಹಿ ನಾನು ಮಾಡಲ್ಲ, ನೀವೇ ತನ್ನಿ. ಅವರ ವಿಷಯ ಮಾತಾಡಿ, ನನಗೆ ಇಷ್ಟ. ಮಧ್ಯದಲ್ಲಿ ನಾನು ರೂಮಿಗೆ ಹೋದರೆ ಹಿಂದೆ ಬರಬೇಡಿ, ನಾನೇ ವಾಪಸ್ ಬರ್ತೀನಿ.’ ಹೊರಡುವ ಹೊತ್ತನ್ನೂ ಹೇಳಿದ್ದು ಗಮನಿಸಿದಿರಾ? ಯಾವಾಗ ಮುಗಿಯುತ್ತದೆಂದು ಗೊತ್ತಿದ್ದರೆ ತಡೆದುಕೊಳ್ಳುವುದು ಸುಲಭ.

ಮಕ್ಕಳು ವಿದೇಶದಲ್ಲಿದ್ದರೆ ವಿಡಿಯೋ ಕಾಲಿಗೆ ಹೊತ್ತು ಗೊತ್ತು ಮಾಡಿ. ಇಲ್ಲಿ ಬೆಳಗಿನ ಎಣ್ಣೆಸ್ನಾನದ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ. ‘ಬಿಡುವಾದಾಗ ಮಾಡ್ತೀನಿ’ ಅಂದರೆ ಇಲ್ಲಿರುವವರು ಇಡೀ ದಿನ ಫೋನ್ ಕೈಯಲ್ಲಿ ಹಿಡಿದೇ ಕೂತಿರುತ್ತಾರೆ.

ಇದನ್ನು ಓದುತ್ತಿರುವವರು ಮಗಳೋ ಸೊಸೆಯೋ ತಮ್ಮನೋ ಆಗಿದ್ದರೆ ನಿಮಗೊಂದು ಮಾತು. ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನಬೇಡಿ, ಯಾರೂ ಹೇಳುವುದಿಲ್ಲ. ‘ಶನಿವಾರ ತರಕಾರಿಗೆ ಹೋಗ್ತಿದ್ದೀನಿ ಅತ್ತೆ, ನಿಮಗೂ ತರ್ತೀನಿ’ ಅನ್ನಿ. ‘ಗಟ್ಟಿ ಮನಸ್ಸು ಮಾಡ್ಕೊಳ್ಳಿ’, ‘ನರಳದೆ ಹೋದ್ರು, ಪುಣ್ಯವಂತರು’ ಅನ್ನುವ ಮಾತುಗಳನ್ನು ಹದಿಮೂರನೇ ದಿನಕ್ಕೇ ಮುಗಿಸಿಬಿಡಿ.

5. ಅರಿಶಿನ ಕುಂಕುಮದ ವಿಷಯ

ಗಂಡನನ್ನು ಕಳೆದುಕೊಂಡವರ ಪತ್ರಗಳಲ್ಲಿ ಅತಿ ಹೆಚ್ಚು ನೋವು ಇರುವುದು ಇಲ್ಲೇ. ವರಮಹಾಲಕ್ಷ್ಮಿಗೆ ಬೀದಿಯ ಎಲ್ಲರ ಮನೆಗೂ ಕರೆ ಬರುತ್ತದೆ, ನಿಮಗೆ ಬರುವುದಿಲ್ಲ. ಕರೆದರೂ ತಟ್ಟೆ ಹಿಡಿದು ಬಂದವರ ಕೈ ನಿಮ್ಮ ಮುಂದೆ ಒಂದು ಕ್ಷಣ ತಡೆಯುತ್ತದೆ. ಗೌರಿ ಹಬ್ಬಕ್ಕೆ ತವರಿನಿಂದ ಬರುತ್ತಿದ್ದ ಮೊರದ ಬಾಗಿನ ಆ ವರ್ಷದಿಂದ ನಿಂತೇ ಹೋಗುತ್ತದೆ. ಗಂಡ ಹೋದರೆ ತವರೂ ಹೋಗಬೇಕಾ?

ಈ ಪದ್ಧತಿ ಅಲ್ಲಾಡುವುದೇ ಇಲ್ಲ ಅಂದುಕೊಳ್ಳಬೇಡಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ನಮ್ಮ ಬೆಳಗಾವಿ ಗಡಿಯ ಆಚೆ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಪಂಚಾಯಿತಿ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಬೇಡವೆಂದು 2022ರ ಮೇ ತಿಂಗಳಲ್ಲಿ ನಿರ್ಣಯ ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳಿಗೂ ಇದನ್ನು ಅನುಸರಿಸಲು ಸುತ್ತೋಲೆ ಕಳಿಸಿತು.

ಕುಂಕುಮ, ಹೂ, ಬಳೆ ಇಟ್ಟುಕೊಳ್ಳುವುದು ಬಿಡುವುದು ನಿಮ್ಮ ತೀರ್ಮಾನ. ಇಟ್ಟುಕೊಳ್ಳಬೇಕು ಅನ್ನಿಸಿದರೆ ತುಂಬಿದ ಹಬ್ಬದ ಮನೆಯಲ್ಲಿ ಮೊದಲ ಸಲ ಬೇಡ. ಮಾಮೂಲಿ ದಿನವೊಂದರಲ್ಲಿ ಶುರು ಮಾಡಿ, ಹಬ್ಬದ ಹೊತ್ತಿಗೆ ನೋಡುವವರ ಕಣ್ಣು ಒಗ್ಗಿರುತ್ತದೆ. ಬೇಡ ಅನ್ನಿಸಿದರೂ ಸರಿ. ‘ಈಗಿನ ಕಾಲದಲ್ಲಿ ಇದೆಲ್ಲ ಯಾಕೆ’ ಅಂತ ಸೊಸೆಯಂದಿರು ಬಲವಂತ ಮಾಡುವುದೂ ಒಂದು ಕಿರಿಕಿರಿಯೇ. ತವರಿನ ವಿಷಯಕ್ಕೆ ಅಣ್ಣನ ಹತ್ತಿರವೇ ಮಾತಾಡಿ: ‘ಬಾಗಿನ ಅಂತ ಕೊಡೋಕೆ ನಿನಗೆ ಮನಸ್ಸು ಒಪ್ಪದಿದ್ರೆ ಬಿಡು. ಒಂದು ಸೀರೆ, ಎರಡು ತೆಂಗಿನಕಾಯಿ ಹಿಡ್ಕೊಂಡು ನೀನೇ ಬಾ.’ ಹೆಚ್ಚಿನ ಅಣ್ಣತಮ್ಮಂದಿರಿಗೆ ಇದು ಹೊಳೆದೇ ಇರುವುದಿಲ್ಲ.

ಹಬ್ಬ ಮಾಡುವ ಮನೆಯವರೇ, ಬಂದವರಿಗೆಲ್ಲ ಒಂದೇ ಥರ ತಾಂಬೂಲ ಕೊಡಿ. ಕುಂಕುಮದ ಬಗ್ಗೆ ಹಿಂದಿನ ದಿನವೇ ಫೋನಿನಲ್ಲಿ ಮೆಲ್ಲಗೆ ಕೇಳಿಕೊಳ್ಳಿ.

6. ಹೆಂಡತಿಯನ್ನು ಕಳೆದುಕೊಂಡ ಗಂಡಸರಿಗೆ

ನಿಮ್ಮನ್ನು ಯಾರೂ ಪೂಜೆಯಿಂದ ದೂರ ಇಡುವುದಿಲ್ಲ. ಆದರೆ ಹೇಗಿದ್ದೀರಿ ಅಂತ ಕೂತು ಕೇಳುವವರೂ ಇಲ್ಲ. ಕಡಲೆಬೇಳೆ ಯಾವ ಡಬ್ಬಿಯಲ್ಲಿದೆ, ಬೆಳ್ಳಿ ದೀಪ ಯಾವ ಬೀರುವಿನಲ್ಲಿದೆ, ನಾದಿನಿಗೆ ಹಬ್ಬಕ್ಕೆ ಏನು ಕಳಿಸುತ್ತಿದ್ದಳು, ಎಲ್ಲ ಅವಳ ತಲೆಯಲ್ಲೇ ಇತ್ತು.

ಒಬ್ಬಟ್ಟು ಮಾಡಲು ಹೋಗಬೇಡಿ, ಮೊದಲ ವರ್ಷಕ್ಕೆ ಅದು ಸಾಹಸ. ಹೆಸರುಬೇಳೆ ಪಾಯಸ, ಕೋಸಂಬರಿ, ಅನ್ನ, ಸಾರು ಸಾಕು. ಒಬ್ಬಟ್ಟು ಅಂಗಡಿಯಿಂದ ಬರಲಿ. ಮಗಳನ್ನೋ ಅತ್ತಿಗೆಯನ್ನೋ ಕರೆದು ನಿಮ್ಮ ಹೆಂಡತಿಯ ಕೈಯ ಒಂದು ಅಡುಗೆಯ ಅಳತೆ ಬರೆಸಿಕೊಳ್ಳಿ. ಜೊತೆಯಲ್ಲಿ ನಿಂತು ಮಾಡಿ. ಮಾತು ಬಾರದ ಗಂಡಸರು ತೆಂಗಿನಕಾಯಿ ತುರಿಯುತ್ತಾ ಮಾತಾಡುತ್ತಾರೆ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸುತ್ತಿದ್ದವಳು ಈಗಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಮಾತ್ರೆ ತಪ್ಪುತ್ತದೆ, ಸಿಹಿ ಜಾಸ್ತಿಯಾಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಎದೆ ನೋವು, ಉಸಿರು ಕಟ್ಟುವುದು ಕಾಣಿಸಿದರೆ ‘ದುಃಖಕ್ಕೆ ಹೀಗಾಗ್ತಿದೆ’ ಅಂತ ಸುಮ್ಮನಿರಬೇಡಿ, 108ಕ್ಕೆ ಫೋನ್ ಮಾಡಿ. ಈ ಮಾತು ಹೆಂಗಸರಿಗೂ ಸೇರಿ.

7. ಹಬ್ಬದಲ್ಲಿ ಅವರಿಗೊಂದು ಜಾಗ ಕೊಡಿ

ಇದಕ್ಕೆ ಹೊಸದೇನೂ ಹುಡುಕಬೇಕಾಗಿಲ್ಲ. ಮಹಾಲಯ ಅಮಾವಾಸ್ಯೆಯ ಎಡೆ ಇರುವುದೇ ಇದಕ್ಕೆ. ಹಳೇ ಮೈಸೂರು ಕಡೆ ಹಿರಿಯರ ಹಬ್ಬ ಅಂತ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆ ತುಂಬ ಬಡಿಸುತ್ತಾರೆ, ಹೊಸ ಬಟ್ಟೆ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಡುವ ಮನೆಗಳಿವೆ. ಅವರ ಇಷ್ಟ, ಚಾಳಿ, ತಮಾಷೆ ಎಲ್ಲ ಅವತ್ತು ತಾನಾಗಿ ಮಾತಿಗೆ ಬರುತ್ತದೆ. ಮೊದಲ ವರ್ಷ ಎಡೆ ಇಡಬಹುದೋ ಇಲ್ಲವೋ ಎನ್ನುವುದರಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸವಿದೆ, ಎರಡನೇ ಹಂತದಲ್ಲೇ ಇದನ್ನೂ ಕೇಳಿಕೊಳ್ಳಿ.

ಆಚರಣೆಯಲ್ಲಿ ನಂಬಿಕೆ ಇಲ್ಲದವರು ಅವರಿಗಿಷ್ಟವಾದ ಒಂದು ತಿಂಡಿ ಮಾಡಿ ಮೂರು ಮನೆಗೆ ಹಂಚಿ. ಅಥವಾ ಊಟಕ್ಕೆ ಕೂತಾಗ ಪ್ರತಿಯೊಬ್ಬರೂ ಅವರ ಬಗ್ಗೆ ಒಂದು ಸಂಗತಿ ಹೇಳಿ, ನಗು ಬರಿಸುವಂಥದ್ದಾದರೆ ಇನ್ನೂ ಒಳ್ಳೆಯದು. ಫೋಟೋ ದೇವರ ಮನೆಯಲ್ಲೋ ಹಾಲಿನಲ್ಲೋ ಎಂಬ ಜಗಳಕ್ಕೆ ಮಾತ್ರ ಬೀಳಬೇಡಿ.

8. ಕೃತಜ್ಞತೆ: ಬಲವಂತ ಬೇಡ, ಅಭ್ಯಾಸ ಸಾಕು

‘ಇರುವುದಕ್ಕೆ ಕೃತಜ್ಞರಾಗಿರಿ’ ಅನ್ನುವ ಸಲಹೆ ಕೇಳಿ ಸಿಟ್ಟು ಬಂದಿದ್ದರೆ ನಿಮ್ಮ ಸಿಟ್ಟು ನ್ಯಾಯವೇ. ಈ ಸಲಹೆಯ ಹಿಂದೆ ಅಮೆರಿಕದ ಎಮನ್ಸ್ ಮತ್ತು ಮೆಕಲಾ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನು ಪಟ್ಟಿ ಮಾಡುತ್ತಾ ಬಂದವರು, ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಗೆಲುವಾಗಿದ್ದರು. ಆದರೆ ಅಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು ಮತ್ತು ನರ-ಸ್ನಾಯು ಕಾಯಿಲೆಯವರು. ಸಂಗಾತಿಯನ್ನು ಕಳೆದುಕೊಂಡವರ ಮೇಲೆ ನಡೆದ ಪ್ರಯೋಗ ಅದಲ್ಲ. ಹಾಗಾಗಿ ಇದನ್ನು ಔಷಧಿಯಂತೆ ನುಂಗಬೇಕಿಲ್ಲ. ಹಗುರವಾಗಿ ಮಾಡಿ ನೋಡಬಹುದು.

ಹೇಗೆ ಅಂದರೆ, ವಾರಕ್ಕೊಮ್ಮೆ, ಒಂದೆರಡು ಸಾಲು. ‘ಮಕ್ಕಳಿದ್ದಾರೆ, ಆರೋಗ್ಯ ಇದೆ’ ಅಂತ ಬರೆದರೆ ಮನಸ್ಸಿಗೆ ತಟ್ಟುವುದಿಲ್ಲ. ಯಾರು, ಏನು ಮಾಡಿದರು ಅಂತ ಬರೆಯಿರಿ. ‘ಗುರುವಾರ ಕೆಳಮನೆ ಹುಡುಗ ಕೇಳದೇನೇ ಗ್ಯಾಸ್ ಸಿಲಿಂಡರ್ ಮೇಲೆ ತಂದಿಟ್ಟ.’ ಅದರ ಕೆಳಗೆ ‘ಆದರೆ’ ಅಂತ ಇನ್ನೊಂದು ಸಾಲಿಗೂ ಜಾಗ ಬಿಡಿ. ‘ಆದರೆ ಸಿಲಿಂಡರ್ ಬದಲಾಯಿಸುವಾಗ ಕೈ ನಡುಗಿತು, ಇದು ಅವರ ಕೆಲಸವಾಗಿತ್ತು.’ ಎರಡೂ ಸಾಲು ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಹೋದವರಿಗೂ ಬರೆಯಬಹುದು. ‘ನೀವು ಬ್ಯಾಂಕಿನ ಕೆಲಸ ಕಲಿಸಿಕೊಟ್ಟಿದ್ದಕ್ಕೆ ಇವತ್ತು ನಾನೊಬ್ಬಳೇ ಹೋಗಿ ಬಂದೆ.’ ಕೊನೆಯ ದಿನಗಳಲ್ಲಿ ನೋಡಿಕೊಂಡ ನರ್ಸು, ರಾತ್ರಿ ಹೊತ್ತಲ್ಲಿ ಬಂದ ಆಟೋದವರು, ಇವರಲ್ಲಿ ಯಾರಿಗಾದರೂ ಹಬ್ಬದ ಡಬ್ಬಿ ತಲುಪಿಸಿ ಬರುವುದು ಇನ್ನೂ ಒಳ್ಳೆಯದು. ಬರವಣಿಗೆಗಿಂತ ನಮ್ಮ ಜನರಿಗೆ ಡಬ್ಬಿ ಚೆನ್ನಾಗಿ ಒಗ್ಗುತ್ತದೆ.

ಎಚ್ಚರ: ಹಬ್ಬದ ದಿನ ಜೋರಾಗಿ ನಕ್ಕು, ಆಮೇಲೆ ‘ಛೆ, ನಾನು ಹೇಗೆ ನಕ್ಕೆ’ ಅನ್ನಿಸಬಹುದು. ನೆದರ್‌ಲೆಂಡ್ಸ್‌ನ ಸ್ಟ್ರೋಬೆ ಮತ್ತು ಸ್ಕಟ್ ಎಂಬ ಸಂಶೋಧಕರು 1999ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ದುಃಖದಲ್ಲಿರುವವರು ಸ್ವಲ್ಪ ಹೊತ್ತು ಹೋದವರ ಕಡೆ, ಸ್ವಲ್ಪ ಹೊತ್ತು ಮುಂದಿನ ಬದುಕಿನ ಕಡೆ, ಹೀಗೆ ಹೋಗಿ ಬರುತ್ತಲೇ ಇರುತ್ತಾರೆ ಮತ್ತು ಆ ಓಡಾಟ ಬೇಕಾದದ್ದೇ. ನಕ್ಕದ್ದು ಮರೆತದ್ದಲ್ಲ.

9. ಹಬ್ಬದ ಮರುದಿನಕ್ಕೆ ಒಂದು ಕೆಲಸ ಇಟ್ಟುಕೊಳ್ಳಿ

ನೆಂಟರು ಹೊರಟ ಮೇಲಿನ ಸಂಜೆಗೆ ಯಾರೂ ತಯಾರಿ ಮಾಡುವುದಿಲ್ಲ. ಉಳಿದ ಚಿತ್ರಾನ್ನ, ಬಾಡಿದ ಬಾಳೆಕಂದು, ಖಾಲಿ ಹಾಲ್. ಆ ರಾತ್ರಿ ಒಬ್ಬರನ್ನು ಉಳಿಸಿಕೊಳ್ಳಿ, ಇಲ್ಲವೇ ಮರುದಿನ ಬೆಳಿಗ್ಗೆ ಯಾರಾದರೂ ಬರುವ ಹಾಗೆ ಮಾಡಿ. ವಾಕಿಂಗ್, ಬ್ಯಾಂಕು, ಪಾತ್ರೆ ವಾಪಸ್ ಕೊಡುವುದು, ಯಾವ ನೆಪವಾದರೂ ಸರಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಯಾವುದು ಸರಿಹೋಯಿತು, ಯಾವುದು ಆಗಲಿಲ್ಲ ಅಂತ ಗುರುತು ಹಾಕಿಡಿ. ಎರಡನೇ ವರ್ಷ ಇದು ಬೇಕಾಗುತ್ತದೆ. ಎಲ್ಲರೂ ‘ಈಗ ಸರಿಹೋಗಿರಬೇಕು’ ಅಂದುಕೊಂಡು ಬರುವುದು ಕಮ್ಮಿ ಮಾಡುವುದು ಆಗಲೇ.

10. ಸಹಾಯ ಯಾವಾಗ ಬೇಕು

ಆರು ತಿಂಗಳು ಕಳೆದ ಮೇಲೂ ಹೆಚ್ಚುಕಮ್ಮಿ ದಿನವಿಡೀ ಅದೇ ಹಂಬಲ, ಸಾವನ್ನು ಒಪ್ಪಲಾಗದಿರುವುದು, ಊಟ ನಿದ್ದೆ ಕೆಲಸ ಯಾವುದೂ ಹಳಿಗೆ ಬಾರದಿರುವುದು ಕಂಡರೆ ಅದು ‘ದೀರ್ಘಕಾಲದ ಶೋಕ’ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಈಗ ಇದಕ್ಕೆ ಜಾಗವಿದೆ. ಚಿಕಿತ್ಸೆಯೂ ಇದೆ. ಹಬ್ಬದ ದಿನ ಅತ್ತರೆ ಅದು ಕಾಯಿಲೆಯಲ್ಲ, ಗಾಬರಿ ಬೇಡ.

ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರಿಗಾಗಿ 14567 ಇದೆ. ‘ನಾನೂ ಅವರ ಹಿಂದೆ ಹೋಗಿಬಿಡಬೇಕು’ ಅನ್ನುವ ಯೋಚನೆ ಬರುತ್ತಿದ್ದರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ, ಈಗಲೇ 14416ಕ್ಕೆ ಫೋನ್ ಮಾಡಿ. ಮನೆಯಲ್ಲಿ ಯಾರ ಬಾಯಿಂದಲಾದರೂ ಆ ಮಾತು ಕೇಳಿದರೆ ‘ಬಿಡ್ತು ಅನ್ನು’ ಅಂತ ಗದರಿಸಿ ಬಾಯಿ ಮುಚ್ಚಿಸಬೇಡಿ. ಹತ್ತಿರ ಕೂತು ಕೇಳಿ, ಅವರನ್ನು ಒಂಟಿಯಾಗಿ ಬಿಡಬೇಡಿ, ನೀವೇ ನಂಬರ್ ಒತ್ತಿ ಫೋನ್ ಅವರ ಕೈಗೆ ಕೊಡಿ. ಈ ಎರಡು ನಂಬರ್‌ಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿಟ್ಟರೆ ಹುಡುಕುವುದು ತಪ್ಪುತ್ತದೆ.